ಕಮರದ ಸಸಿಗಳಿಗೆ ನೀರು ಹಾಕಿದ ಬೇಸಿಗೆ

ಆ ಬೇಸಿಗೆಯ ಬಗ್ಗೆ ನೀವು ಎಷ್ಟೋ ಸಲ ಕೇಳಿದ್ದೀರಿ. ಅಷ್ಟೂ ಸಲ ನಾನು ಒಲೆಯ ಕಡೆ ಮುಖ ತಿರುಗಿಸಿ ಕೂತಿದ್ದೇನೆ. ಬಾಯಿಂದ ಹೇಳುವುದು ನನಗೆ ಆಗದ ಮಾತು. ಬರೆಯುವುದು ಸ್ವಲ್ಪ ಸಲೀಸು, ಎದುರಿಗೆ ಯಾರೂ ಇರುವುದಿಲ್ಲ.

ನಿಮ್ಮಲ್ಲಿ ನಾಲ್ವರು ನನ್ನ ಸ್ವಂತ ಮೊಮ್ಮಕ್ಕಳು, ಇಬ್ಬರು ನನ್ನ ನೆಗೆಣ್ಣಿಯ ಮೊಮ್ಮಕ್ಕಳು. ನನ್ನ ಯಜಮಾನರ ತಮ್ಮನ ಹೆಂಡತಿ ಅವಳು. ನೀವೆಲ್ಲರೂ ಅವಳನ್ನು ಸಣ್ಣಾಯಿ ಎಂದು ಕರೆಯುತ್ತಿದ್ದಿರಿ. ಇದನ್ನು ಓದಿದ ಮೇಲೆ ಆ ಇಬ್ಬರು ನನ್ನ ಹತ್ತಿರ ಬಂದು ಕೂಡದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ನಮ್ಮ ಊರು ಮುಗಿದು ಕಪ್ಪತಗುಡ್ಡ ಏರತೊಡಗುವ ಜಾಗದಲ್ಲಿ ಸಣ್ಣಾಯಿಯ ಮನೆ. ಕರೋನಾ ಬರುವುದಕ್ಕೆ ಒಂದು ವರ್ಷ ಮೊದಲು, ಮೃಗಶಿರದಲ್ಲೂ ಹನಿ ಬೀಳದೆ ಕಾಯಿಸಿದ ಮಳೆ ಒಂದೇ ಮಧ್ಯಾಹ್ನದಲ್ಲಿ ಸುರಿದುಬಿಟ್ಟಿತು. ಗಿಡವಿಲ್ಲದ ಇಳಿಜಾರಿನಿಂದ ಕೆಂಪು ನೀರು, ಗರಸು ಮಣ್ಣು, ತಲೆಯಷ್ಟು ದಪ್ಪದ ಕಲ್ಲು ಎಲ್ಲ ಉರುಳಿ ಬಂದು ಅವಳ ಹಿತ್ತಿಲ ಗೋಡೆಯನ್ನು ಕೆಡವಿದವು. ಗೋಡೆಯ ಕೆಳಗೆ ಕಟ್ಟಿದ್ದ ಎರಡು ಆಡು ಸತ್ತವು. ಒಳಗೆ ಮಲಗಿದ್ದ ಅವಳ ಮೊಮ್ಮಗು, ಕೂಸು ಇನ್ನೂ, ಒಂದು ಮೊಳದ ಅಂತರದಲ್ಲಿ ಉಳಿಯಿತು. ಹೊಸ ಗೋಡೆ ಕಟ್ಟಿಸಿದ ಮೇಲೂ ಮೋಡ ಕಪ್ಪಾದರೆ ಸಾಕು, ಅವಳು ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದಳು.

ಆ ಇಳಿಜಾರಿಗೆ ಗಿಡ ನೆಡಬೇಕೆಂದೇ ನಮ್ಮ ಮಹಿಳಾ ಸಂಘಕ್ಕೆ ನರ್ಸರಿ ಕೊಟ್ಟರು. ನಾವು ಹತ್ತು ಮಂದಿ ಹೆಂಗಸರು. ತರಬೇತಿ ಕೊಡಲು ಬಂದ ಸಾಹೇಬರು ಹವಾಮಾನ ಬದಲಾಗಿದೆ ಎಂದು ಬಹಳ ಹೊತ್ತು ತಿಳಿಸಿ ಹೇಳಿದರು. ಸಣ್ಣಾಯಿ ಸುಮ್ಮನೆ ಕೂಡುವವಳಲ್ಲ.

"ಅದನ್ನ ಹೇಳಾಕ ಗದಗಿನಿಂದ ಜೀಪಿನ್ಯಾಗ ಬರಬೇಕೇನ್ರಿ ಸಾಹೇಬ್ರ? ನನ್ನ ಗ್ವಾಡಿ ಹೋದ ವರ್ಷನ ಹೇಳೈತಿ!"

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಎಂಟು ಮಡಿ ಸಸಿ ಬೆಳೆಸಿದೆವು. ಬೇವು, ಹೊಂಗೆ, ತಪಸಿ, ಎಲ್ಲಕ್ಕಿಂತ ಹೆಚ್ಚು ಕಮರ. ಕಮರದ ಬೇರು ಕಲ್ಲಿನ ಸಂದಿಯಲ್ಲೂ ಇಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಅವು ನೆಡುವ ಹೊತ್ತಿಗೆ ಕರೋನಾ ಬಂತು. ಕುಣಿ ತೋಡಲು ಜನ ಗುಂಪು ಸೇರಬಾರದು ಎಂದರು. ಗಿಡಕ್ಕೆ ಎತ್ತಿಟ್ಟಿದ್ದ ದುಡ್ಡು ರೋಗದ ಕೆಲಸಕ್ಕೆ ಹೋಯಿತು, ಬರುವ ವರ್ಷ ನೋಡೋಣ ಎಂದರು. ಸಸಿಗಳು ಪ್ಯಾಕೆಟ್ಟಿನಲ್ಲಿಯೇ ಉಳಿದವು.

ಪ್ಯಾಕೆಟ್ಟಿನ ಸಸಿ ಬರೀ ನೀರಿನಿಂದ ಬದುಕುವುದಿಲ್ಲ, ಅದನ್ನು ನಿಮಗೆ ಹೇಳಬೇಕು. ಎರಡು ತಿಂಗಳಿಗೊಮ್ಮೆ ಒಂದೊಂದನ್ನೂ ಎತ್ತಿ ಪಕ್ಕದ ಜಾಗದಲ್ಲಿ ಇಡಬೇಕು. ಇಲ್ಲದಿದ್ದರೆ ಬೇರು ಪ್ಲಾಸ್ಟಿಕ್ಕನ್ನು ತೂರಿಕೊಂಡು ನೆಲಕ್ಕೆ ಇಳಿಯುತ್ತದೆ. ಹಾಗೆ ಇಳಿದ ಸಸಿಯನ್ನು ಆಮೇಲೆ ಕಿತ್ತರೆ ತಾಯಿಬೇರು ಹರಿದು ಹೋಗುತ್ತದೆ, ಗುಡ್ಡದ ಮೇಲೆ ನೆಟ್ಟರೂ ಉಳಿಯುವುದಿಲ್ಲ. ನಾವು ಇದಕ್ಕೆ ಶಿಫ್ಟಿಂಗ್ ಎನ್ನುತ್ತಿದ್ದೆವು. ಒಬ್ಬರು ಎತ್ತಿ ಕೊಡಬೇಕು, ಒಬ್ಬರು ಸಾಲು ಹಿಡಿದು ಇಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

ಎರಡನೆಯ ಬೇಸಿಗೆಯಲ್ಲಿ ರೋಗ ಊರೊಳಗೆ ಬಂತು. ಮೇಗಳ ಓಣಿಯಲ್ಲಿ ಒಂದೇ ವಾರದಲ್ಲಿ ಮೂವರು ಹೋದರು. ಊರಿನವರು ದಾರಿಗೆ ಜಾಲಿಮುಳ್ಳು ಹಚ್ಚಿ, ಒಳಗಿನವರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು ಎಂದು ಕಾವಲು ಹಾಕಿದರು. ನರ್ಸರಿ ಮುಳ್ಳಿನ ಆಚೆಗಿತ್ತು. ಸಂಘದ ಎಂಟು ಮಂದಿ ಮನೆ ಬಿಟ್ಟು ಹೊರಗೆ ಬರಲಿಲ್ಲ. ಅವರನ್ನು ನಾನು ಬೈಯಲಾರೆ. ನಾವಿಬ್ಬರೇ ಬೆಳಗಿನ ಹೊತ್ತು, ಬೋರಿಗೆ ಕರೆಂಟು ಇರುವಾಗ ಹೋಗುತ್ತಿದ್ದೆವು. ಮುಳ್ಳಿನ ಹತ್ತಿರ ಕಾವಲು ಕೂಡುತ್ತಿದ್ದವರು ವರಸೆಯಲ್ಲಿ ನಮಗೆ ಭಾವ.

"ಗಿಡ ಹೆಚ್ಚೋ ಜೀವ ಹೆಚ್ಚೋ? ಸುಮ್ನ ಮನ್ಯಾಗ ಬೀಳ್ರಿ" ಎಂದು ಗದರಿದರು.

"ನಿಮ್ಮ ಜೀವಕ್ಕಿಂತ ಗಿಡಾನ ಹೆಚ್ಚ ಬಿಡ್ರಿ ಭಾವಾರ, ಅದರದು ನೆರಳರ ಬೀಳತೈತಿ" ಎಂದಳು ಸಣ್ಣಾಯಿ.

ಅವರು ಬೈಯುತ್ತಲೇ ಮುಳ್ಳು ಸರಿಸಿದರು. ಅವಳಿಲ್ಲದೆ ನಾನೊಬ್ಬಳೇ ಇದ್ದಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದೆ.

ನೀರು ಹಾಕಿ ಉಳಿದ ಹೊತ್ತಿನಲ್ಲಿ ಶಿಫ್ಟಿಂಗ್ ಮಾಡಿದೆವು. ದಿನಕ್ಕೆ ಅರ್ಧ ಮಡಿಯಂತೆ ಮೂರು ಮಡಿ ಮುಗಿದವು. ನಾಲ್ಕನೆಯ ಮಡಿಗೆ ಕೈ ಹಚ್ಚಿದ ದಿನ ಅವಳು ಪ್ಯಾಕೆಟ್ಟು ಎತ್ತಿ ಕೊಡುತ್ತಿದ್ದಳು, ನಾನು ಇಸಿದುಕೊಳ್ಳುತ್ತಿದ್ದೆ. ಅವಳ ಬೆರಳು ನನ್ನ ಕೈಗೆ ತಾಗಿತು. ಬಿಸಿ ಹಂಚಿನ ಹಾಗಿತ್ತು.

"ಮೈ ಸುಡಾಕತ್ತೈತಲ್ಲ!"

"ಬಿಸಲಿಗಿ."

"ಇನ್ನೂ ಹೊತ್ತ ಏರಿಲ್ಲ, ಯಾವ ಬಿಸಲವಾ?"

ಅವಳು ಕೈ ಕೊಡವಿ ನನ್ನ ಕಡೆ ತಿರುಗಿದಳು. "ನೋಡಕ್ಕಾ, ನೀ ಬಾಯಿ ಬಿಟ್ಟಿ ಅಂದ್ರ ಮೂಗಿನ್ಯಾಗ ಕಡ್ಡಿ ಹಾಕ್ತಾರ. ನನ್ನ ಗದಗಕ್ಕ ಒಯ್ತಾರ, ನಿನ್ನ ಮನ್ಯಾಗ ಕೂಡಸ್ತಾರ. ಹದಿನಾಲ್ಕ ದಿನ ಇವಕ್ಕ ನೀರ ಯಾರ ಹಾಕವ್ರು? ನಿಮ್ಮಪ್ಪೇನು?"

"ನಮ್ಮಪ್ಪ ಸತ್ತು ಮೂವತ್ತ ವರ್ಷಾತು."

"ಹಂಗಾರ ನಾನ ಹಾಕಬೇಕಲ್ಲ. ಹಿಡಿ, ಹಿಡಿ."

ನಾನು ಹಿಡಿದೆ.

ಆಗ ಊರಲ್ಲೆಲ್ಲ ಜ್ವರ ಮುಚ್ಚಿಡುತ್ತಿದ್ದರು. ಗದಗಕ್ಕೆ ಒಯ್ದವರು ಹೆಣವಾಗಿಯೂ ತಿರುಗಿ ಬರುವುದಿಲ್ಲ, ಮುಖ ಸಹ ತೋರಿಸುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಸಣ್ಣಾಯಿ ಮನೆಯಲ್ಲಿ ಮಗನ ಮುಂದೆ ತನಗೆ ತಂಡಿಯಾಗಿದೆ ಎಂದಷ್ಟೇ ಹೇಳಿ, ಮೆಣಸು ಶುಂಠಿ ಕುದಿಸಿ ಕುಡಿದು, ಮೊಮ್ಮಕ್ಕಳನ್ನು ಪಡಸಾಲೆಯ ಆಚೆ ಮಲಗಿಸಿದಳು. ಬೆಳಗಾದರೆ ನರ್ಸರಿಗೆ ಬರುತ್ತಿದ್ದಳು. ಮೂರನೆಯ ದಿನ ಕೊಡ ಎತ್ತಲು ಆಗಲಿಲ್ಲ. ಶಿಫ್ಟಿಂಗ್ ಬಿಟ್ಟುಬಿಡು, ನೀರಷ್ಟೇ ಹಾಕೋಣ ಎಂದು ನಾನೇ ಹೇಳಿದೆ. ನಾಲ್ಕನೆಯ ದಿನ ಅವಳು ಮಡಿಯ ಅಂಚಿನಲ್ಲಿ ಕೂತು, ತೂತಿನ ಡಬ್ಬಿಯಿಂದ ಕೈಗೆ ಎಟುಕುವ ಸಾಲಿಗೆ ಮಾತ್ರ ನೀರು ಬಿಟ್ಟಳು. ಒಂದು ಡಬ್ಬಿ ಬಿಡುವುದರಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಂಡಳು.

ಐದನೆಯ ದಿನ ಅವಳು ನರ್ಸರಿಗೆ ಬರಲಿಲ್ಲ. ಅವತ್ತು ಮಧ್ಯಾಹ್ನ ಆಶಾ ಕಾರ್ಯಕರ್ತೆ ನಮ್ಮ ಓಣಿಗೆ ಬಂದಳು. ನಮ್ಮ ಊರಿನ ಸೊಸೆಯೇ ಆಕೆ, ಬಹಳ ಒಳ್ಳೆಯ ಹುಡುಗಿ. ಬೆರಳಿಗೆ ಹಾಕಿ ಉಸಿರು ನೋಡುವ ಯಂತ್ರ ಕೈಯಲ್ಲಿತ್ತು. ಕಟ್ಟೆಯ ಕೆಳಗೇ ನಿಂತು ಕೇಳಿದಳು.

"ಆಯಿ, ನಿಮ್ಮ ಮನ್ಯಾಗ, ಸಣ್ಣಾಯಾರ ಮನ್ಯಾಗ ಯಾರಿಗರ ಜ್ವರ ಅದಾವೇನ್ರಿ? ಇದ್ರ ಹೇಳ್ರಿ, ಹೆದರಬ್ಯಾಡ್ರಿ. ಜಲ್ದಿ ಗೊತ್ತಾದ್ರ ಉಳಸ್ತಾರ."

ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಇಲ್ಲವೆಂದು ಗೋಣು ಅಲ್ಲಾಡಿಸಿದೆ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಏನಿತ್ತೆಂದು ಬಹಳ ಸಲ ಹುಡುಕಿದ್ದೇನೆ. ಅವಳು ಹೇಳಬೇಡ ಎಂದಿದ್ದಳು, ಅದು ಖರೆ. ಹೇಳಿದರೆ ಓಣಿಯವರು ನಮ್ಮನ್ನು ಆಡಿಕೊಳ್ಳುತ್ತಾರೆ ಎಂಬ ನಾಚಿಕೆಯೂ ಇತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಇನ್ನು ಹತ್ತು ದಿನ ದಾಟಿದರೆ ಮಳೆ ಬರುತ್ತದೆ, ಸಸಿ ಉಳಿಯುತ್ತವೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅತ್ತ ಅವಳ ಮನೆಯಲ್ಲಿ ಒಂದು ಜೀವ ಉಸಿರಿಗೆ ಒದ್ದಾಡುತ್ತಿರುವಾಗ ನಾನು ಗಿಡದ ದಿನ ಎಣಿಸಿದೆ.

ಎಂಟನೆಯ ದಿನ ಹೊತ್ತು ಏರಿದಾಗ ಅವಳ ತುಟಿ ನೀಲಿಯಾಯಿತು. ಮಗ ಅಂಬ್ಯುಲೆನ್ಸಿಗೆ ಫೋನು ಮಾಡಿದ. ಎಲ್ಲ ಗಾಡಿಗಳೂ ಹೊರಗೆ ಹೋಗಿವೆ, ಕಾಯಿರಿ ಎಂದರು. ಕಾಯಲಿಲ್ಲ. ಟಂಟಂ ಗಾಡಿಯಲ್ಲಿ ಕೌದಿ ಹಾಸಿ ಮಲಗಿಸಿ ಮುಂಡರಗಿಯ ದಾರಿ ಹಿಡಿದರು. ಗಾಡಿ ಅರ್ಧ ದಾರಿಯಿಂದಲೇ ತಿರುಗಿ ಬಂತು.

ಸತ್ತವರನ್ನು ಕೂಡಿಸುವ ಪದ್ಧತಿಯಂತೆ ಅವಳನ್ನು ಕಟ್ಟೆಯ ಮೇಲೆ ಕೂಡಿಸಲಿಲ್ಲ. ಹಾಡಿ ಅಳಲು ಯಾರೂ ಬರಲಿಲ್ಲ. ನಾಲ್ಕು ಮಂದಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಎತ್ತಿಕೊಂಡು ಹೋದರು. ಊರಲ್ಲಿ ಎಲ್ಲರ ಸಾವಿನ ಮನೆಗೂ ಹೋಗಿ ಹಾಡಿ ಅತ್ತ ಹೆಂಗಸು ಅವಳು.

ಮರುದಿನ ನಾನು ನರ್ಸರಿಗೆ ಹೋದೆ. ಭಾವ ತಾವೇ ಎದ್ದು ಮುಳ್ಳು ಸರಿಸಿ ದಾರಿ ಬಿಟ್ಟರು. ಮಳೆ ಬರುವವರೆಗೆ ದಿನವೂ ನೀರು ಹಾಕಿದೆ. ಎಲೆ ಹಸಿರಾಗಿಯೇ ಇದ್ದವು, ನೋಡಿದವರು ಎಂಥ ಚೆಂದ ಬಂದಿವೆ ಎನ್ನಬೇಕು, ಹಾಗಿದ್ದವು. ಒಳಗೆ ಏನಾಗಿದೆ ಎಂಬುದು ನನಗೆ ಗೊತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಸಂಘದ ಹೆಂಗಸರು ಮತ್ತೆ ಕೂಡಿದರು. ನಾವಿಬ್ಬರೂ ಸರಿಸಿಟ್ಟ ಮೂರು ಮಡಿಯ ಸಸಿಗಳು ಕೈಗೆ ಹಗುರಾಗಿ ಬಂದವು. ಅವು ಬೇವು, ಹೊಂಗೆ, ತಪಸಿ. ಕಮರ ಇದ್ದದ್ದು ಉಳಿದ ಐದು ಮಡಿಯಲ್ಲಿ. ಜಗ್ಗಿದರೆ ಬರಲಿಲ್ಲ. ಇಬ್ಬರು ಹಿಡಿದು ಜಗ್ಗಿದಾಗ ಪ್ಯಾಕೆಟ್ಟಿನ ತಳ ಹರಿದು, ಬೇರು ನೆಲದಲ್ಲಿಯೇ ಉಳಿದು, ಮೇಲಿನ ಕಡ್ಡಿ ಕೈಗೆ ಬಂತು. ನಾನು ಹಾರೆ ತಂದು ಒಂದರ ಸುತ್ತ ಅಗೆಯತೊಡಗಿದೆ. ಮೊಳಕೈವರೆಗೆ ಕೈ ಹಾಕಿದರೂ ಬೇರಿನ ತುದಿ ಸಿಗಲಿಲ್ಲ. "ಸಾಕ ಬಿಡಬೇ, ಹುಚ್ಚಿಯಂಗ ಮಾಡಬ್ಯಾಡ" ಎಂದು ಯಾರೋ ಹಾರೆ ಕಸಿದುಕೊಂಡರು. ಬೇರು ಹರಿದವನ್ನೂ ಗುಡ್ಡಕ್ಕೆ ಒಯ್ದು ನೆಟ್ಟೆವು. ವಾರದಲ್ಲಿ ಬಾಡಿ ನಿಂತವು.

ಆ ವರ್ಷ ಮಳೆ ಮತ್ತೆ ಒಂದೇ ದಿನ ಸುರಿಯಿತು. ಇಳಿಜಾರಿನ ಮಣ್ಣು ನಮ್ಮ ಕುಣಿಗಳ ಸಮೇತ ಕೆಳಗೆ ಬಂದು ಸಣ್ಣಾಯಿಯ ಹೊಸ ಗೋಡೆಯನ್ನು ಒಯ್ದಿತು. ಜನ ಹೊರಗಿದ್ದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ಇರುವ ಹಾಗೆ ಉಳಿಯಲಿಲ್ಲ. ಅವಳ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅಂದಿನಿಂದ ನಾವೆಲ್ಲ ಒಂದೇ ಒಲೆ.

ಬಂದ ಮೂರನೆಯ ದಿನ ಅವನು ಊಟ ಮಾಡುತ್ತ ಕೈ ತಡೆದು ಕೇಳಿದ.

"ದೊಡ್ಡವ್ವಾ, ಅವ್ವಗ ಜ್ವರಾ ಯಾವಾಗ ಬಂದಿದ್ವು? ನನಗ ಆಕಿ ತಂಡಿ ಅಂತನ ಹೇಳಿದ್ಲು. ದಿನಾ ನಿನ್ನ ಜೋಡಿ ಇರತಿದ್ಲಲ್ಲ, ನಿನಗೇನರ ಗೊತ್ತಾಗಿತ್ತೇನು?"

"ಇಲ್ಲೋ ಯಪ್ಪಾ" ಎಂದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಆಕಿ ಸ್ವಭಾವಾನ ಹಂಗ. ನಿನ್ನ ಮುಂದರ ಹೇಳಬೇಕಿತ್ತು" ಎಂದು ಅವನೇ ನನಗೆ ಸಮಾಧಾನ ಹೇಳಿದ. ಮರುದಿನ ಸಂತೆಯಿಂದ ನನಗೆಂದು ಬೇರೆ ಎಲೆ, ಅಡಿಕೆ ತಂದ. ಈಗಲೂ ತರುತ್ತಾನೆ. ನನ್ನ ಕಾಲು ನೋಯುತ್ತದೆಂದರೆ ಎಣ್ಣೆ ಕಾಸಿ ತಾನೇ ತಿಕ್ಕುತ್ತಾನೆ, ಅವ್ವನಿಗೆ ಮಾಡಲಾಗದ್ದನ್ನು ನಿನಗೆ ಮಾಡುತ್ತೇನೆ ಎನ್ನುತ್ತಾನೆ. ಆ ಕೈ ನನ್ನ ಕಾಲಿನ ಮೇಲೆ ಇರುವಷ್ಟು ಹೊತ್ತೂ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತದೆ.

ಜ್ವರ ಬಂದದ್ದು ಅವಳು ಹೋಗುವುದಕ್ಕೆ ಏಳು ದಿನ ಮೊದಲು. ಐದನೆಯ ದಿನ ಕೇಳಲು ಬಂದವಳಿಗೆ ನಾನು ಇಲ್ಲ ಎಂದೆ. ಅವತ್ತು ಹೌದು ಎಂದಿದ್ದರೆ ಸಣ್ಣಾಯಿ ಉಳಿಯುತ್ತಿದ್ದಳೋ ಇಲ್ಲವೋ ದೇವರಿಗೆ ಗೊತ್ತು. ನಾನು ಹೌದು ಎನ್ನಲಿಲ್ಲ, ನನಗೆ ಗೊತ್ತಿರುವುದು ಅಷ್ಟೇ.

ಸಣ್ಣಾಯಿಯ ಮೊಮ್ಮಕ್ಕಳೇ, ನೀವಿಬ್ಬರೂ ಇದನ್ನು ಮೊದಲು ನಿಮ್ಮ ಅಪ್ಪನಿಗೆ ಓದಿ ಹೇಳಿರಿ. ನಾನು ಆಗ ಹಿತ್ತಿಲಲ್ಲಿ ಇರುತ್ತೇನೆ. ಅವನು ಕರೆದರೆ ಒಳಗೆ ಬರುತ್ತೇನೆ.