ಮೂಟೆಯೊಳಗಿನ ಹಪ್ಪಳ

ಚಾಚಾ ಅವರ ಬಲಗೈ ತೋರುಬೆರಳು ಎರಡನೆಯ ಗೆಣ್ಣಿನ ತನಕ ಕಪ್ಪಗಿತ್ತು. ಕುಂಚ ಹಿಡಿದರೆ ಅಂಕಿ ಸೊಟ್ಟಗಾಗುತ್ತದೆಂದು ಅವರು ಬೆರಳಿಗೇ ಚಿಂದಿ ಸುತ್ತಿ, ಮಸಿಯಲ್ಲಿ ಅದ್ದಿ, ಮೂಟೆಯ ನಾಲ್ಕೂ ಮೈಗೆ ಬರೆಯುತ್ತಿದ್ದರು: ತೂಕ, ಉದ್ದ, ಅಗಲ, ಎತ್ತರ, ಕೆಳಗೆ ಮಾಲು ಇಳಿಸಿಕೊಳ್ಳುವವರ ಫೋನ್ ನಂಬರು. ಊಟಕ್ಕೆ ಕೂತಾಗಲೂ ಆ ಬೆರಳು ರೊಟ್ಟಿಗೆ ತಾಗದಂತೆ ಎತ್ತಿ ಹಿಡಿದಿರುತ್ತಿದ್ದರು.

ಅವರು ಬೆಟಗೇರಿಯವರು. ಶಿರಹಟ್ಟಿ ಕಡೆಯ ಹೆಣ್ಣುಮಕ್ಕಳು ನೇಯ್ದ ಕಂಬಳಿಗಳನ್ನು ಕೂಡಿಸಿ, ಮೂಟೆ ಕಟ್ಟಿ, ಗದಗದಿಂದ ಲಾರಿಗೆ ಹಾಕಿ ಸೊಲ್ಲಾಪುರದ ಒಬ್ಬ ವ್ಯಾಪಾರಿಗೆ ಕಳಿಸುವುದು ಅವರ ಕೆಲಸ. ನಾನು ಮುಂಡರಗಿ ರಸ್ತೆಯ ಲಾರಿ ಆಫೀಸಿನಲ್ಲಿ ಬುಕಿಂಗ್ ಗುಮಾಸ್ತನಾಗಿದ್ದೆ.

ಲಾರಿಯ ಬಾಡಿಗೆ ಎಷ್ಟೆಂದು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಆಫೀಸು ಕಣ್ಣಿಟ್ಟಿದ್ದು ಬಾಡಿಗೆಯ ಮೇಲೆ ಬೀಳುವ ಖರ್ಚುಗಳ ಮೇಲೆ. ಬರೆಸಿದ್ದಕ್ಕಿಂತ ತೂಕ ಹೆಚ್ಚು ಬಂದರೆ ಮರುತೂಕದ ಚಾರ್ಜು. ಮಾಲು ತಯಾರಿಲ್ಲದೆ ಲಾರಿ ಕಾದರೆ ಹಾಲ್ಟಿಂಗ್ ಚಾರ್ಜು. ಅಂಗಡಿ ಮುಚ್ಚಿದ್ದು ಲಾರಿ ಎರಡನೇ ಸಲ ಹೋಗಬೇಕಾದರೆ ಅದಕ್ಕೊಂದು. ಚಾಚಾ ಇವುಗಳಲ್ಲಿ ಒಂದನ್ನೂ ಕೊಟ್ಟವರಲ್ಲ. ಹಿಂದಿನ ದಿನವೇ ವ್ಯಾಪಾರಿಗೆ ಫೋನ್ ಮಾಡಿ, ಓಣಿಯಲ್ಲಿ ಲಾರಿ ಹಿಡಿಸುತ್ತದೆಯೇ, ಇಳಿಸಲು ಆಳು ಯಾರು, ಅಂಗಡಿಗೆ ರಜೆ ಯಾವ ದಿನ ಎಂದೆಲ್ಲ ಕೇಳಿಕೊಳ್ಳುತ್ತಿದ್ದರು. ಲಾರಿ ಬರುವ ಒಂದು ತಾಸು ಮೊದಲೇ ಮೂಟೆಗಳೊಡನೆ ಬಂದು ಕೂತಿರುತ್ತಿದ್ದರು. "ನಾವು ಲಾರಿ ಕಾದ್ರ ಪುಕ್ಕಟರಿ, ಲಾರಿ ನಮ್ಮನ್ನ ಕಾದ್ರ ಮೀಟರ್ ತಿರುಗತೈತಿ" ಎನ್ನುತ್ತಿದ್ದರು.

ಉಣ್ಣೆ ನೀರು ಕುಡಿಯುತ್ತದೆ; ಕುಡಿದರೆ ತೂಕ ಏರುತ್ತದೆ. ಅದಕ್ಕೆಂದು ಅವರು ಪ್ರತಿ ಮೂಟೆಯ ಬಾಯಿಗೆ, ಹೊಲಿಗೆಯ ಕೆಳಗೆ, ಒಂದು ಒಣ ಹಪ್ಪಳ ಇಡುತ್ತಿದ್ದರು. ಮುರಿದರೆ ಮಾಲು ಒಣಗಿದೆ, ಬಾಗಿದರೆ ತೇವ ಹೊಕ್ಕಿದೆ. ಹಮಾಲರು ನಗುತ್ತಿದ್ದರು. "ಚಾಚಾ, ಒಂದೀಟು ಉಪ್ಪಿನಕಾಯಿನೂ ಇಡ್ರಿ, ಸೊಲ್ಲಾಪುರದಾಗ ಊಟ ಆಕ್ಕೈತಿ." ಅದಕ್ಕೆ ಅವರು, "ನಿನ್ನ ಮದುವಿಗೆ ಇಡತೀನಿ, ತಡಿಲೇ" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದರು. ನಾನೂ ನಕ್ಕವನೇ.

ಅವರನ್ನು ನೋಡಿ ಕಳಸಾಪುರದ ಮೆಣಸಿನಕಾಯಿಯವರೂ ಅಳತೆ ಟೇಪು ಹಿಡಿದು ಬರತೊಡಗಿದರು. ಬಾಡಿಗೆಯ ಮೇಲೆ ಆಫೀಸಿಗೆ ಬರುತ್ತಿದ್ದ ಗಳಿಕೆ ಇಳಿಯಿತು. ಅದು ಮತ್ತೆ ಏರಿದರೆ ಲಕ್ಷ್ಮೇಶ್ವರದ ಶಾಖೆ ನಿನಗೆ ಎಂದು ಮಾಲಕರು ಹೇಳಿದರು. ಇಂಥದ್ದು ಮಾಡು ಎಂದು ಅವರು ಹೇಳಲಿಲ್ಲ. ಮಾಡಿದವನು ನಾನು.

ಒಂದು ಮುಂಜಾನೆ ಚಾಚಾ ಏಳು ಮೂಟೆ ಇಳಿಸಿ, ಚಹಾ ಕುಡಿಯಲು ಹೋದರು. ಹಮಾಲರೂ ಅವರ ಹಿಂದೆ ಹೋದರು. ನಾನು ಎರಡು ಕೊಡ ನೀರು ತಂದು ಕಟ್ಟೆಯ ಮೇಲೆ ಸುರಿದು, ಏಳೂ ಮೂಟೆಗಳನ್ನು ಅದರ ಮೇಲೆ ಉರುಳಿಸಿದೆ. ಆಮೇಲೆ ಬೇಕಂತಲೇ ತೂಕ ತಡ ಮಾಡಿದೆ. ಮಧ್ಯಾಹ್ನ ಎಲ್ಲರೂ ಸೇರಿದ್ದಾಗ ತೂಗುವ ಕಾಟಾಕ್ಕೆ ಏರಿಸಿ, ದೊಡ್ಡ ದನಿಯಲ್ಲಿ, "ಚಾಚಾ, ನಿಮ್ಮ ಅಂಕಿ ತಪ್ಪೇತಿ" ಎಂದೆ.

ಅದು ಸಣ್ಣ ಮಾತಾಗಿರಲಿಲ್ಲ. ಸೊಲ್ಲಾಪುರದ ವ್ಯಾಪಾರಿ ತೂಗಿ ನೋಡದೆ, ಚಾಚಾ ಬರೆದ ಅಂಕಿಯನ್ನೇ ನಂಬಿ ಮಾಲು ಇಳಿಸಿಕೊಳ್ಳುತ್ತಿದ್ದ. ಆ ನಂಬಿಕೆ ಒಮ್ಮೆ ಹೋದರೆ ಆ ಹೆಣ್ಣುಮಕ್ಕಳ ಕಂಬಳಿ ಕೊಳ್ಳಲು ಬೇರೆ ಗಿರಾಕಿ ಇರಲಿಲ್ಲ.

ಚಾಚಾ ಮೂಟೆಗಳ ಹತ್ತಿರ ಬಂದರು. ಒಂದು ಮೂಟೆಯ ಹೊಲಿಗೆ ಬಿಚ್ಚಿ ಹಪ್ಪಳ ತೆಗೆದು, ಎರಡೂ ಕೈಯಿಂದ ಮಡಚಿದರು. ಅದು ಮುರಿಯಲಿಲ್ಲ, ವೀಳ್ಯದೆಲೆಯಂತೆ ಬಾಗಿತು. ಅವರು ಕಟ್ಟೆ ನೋಡಿದರು. ಆಮೇಲೆ ನನ್ನ ಪ್ಯಾಂಟಿನ ಅಂಚು ನೋಡಿದರು. ಅದರಲ್ಲಿ ಇನ್ನೂ ನೀರಿನ ಕಲೆಯಿತ್ತು.

ಮೂರು ಗಂಟೆಗೆ ಲಾರಿ ಬಿಡುತ್ತದೆ, ಹೆಚ್ಚಿನ ಚಾರ್ಜು ಕೊಟ್ಟರೆ ಈಗಲೇ ಹೇರಿಸುತ್ತೇನೆ, ಎಷ್ಟು ಮಹಾ ಎಂದೆ.

"ಇವತ್ತ ರೊಕ್ಕ ಕೊಟ್ರ, ನನ್ನ ಅಂಕಿ ಸುಳ್ಳು ಅಂತ ನಾನ ಸಹಿ ಮಾಡಿದಂಗ ಆತು" ಎಂದರು ಚಾಚಾ. "ಆ ಹೆಣ್ಮಕ್ಕಳು ಕಂಬಳಿ ಹೊತ್ಕೊಂಡು ಎಲ್ಲಿಗೆ ಹೋಗಬೇಕ್ರಿ? ಒಣಗಲಿ. ಆಮ್ಯಾಲ ತೂಗ್ರಿ."

ವ್ಯಾಪಾರಿಗೆ ಫೋನ್ ಮಾಡಿ, ಮಾಲು ತೋಯ್ದಿದೆ, ಒಂದು ದಿನ ತಡವಾಗುತ್ತದೆ ಎಂದು ಇದ್ದದ್ದನ್ನೇ ಹೇಳಿದರು. ಆ ಕಡೆಯ ಬೈಗುಳ ಮುಗಿಯುವ ತನಕ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡಿದ್ದರು. ಒಂದೇ ಒಂದು ದಿನ ಸಿಕ್ಕಿತು. ಏಳೂ ಮೂಟೆ ಬಿಚ್ಚಿ ಕಂಬಳಿಗಳನ್ನು ಕಂಪೌಂಡಿನ ಗೋಡೆಗೆ, ನಿಂತ ಲಾರಿಗಳ ಮೂತಿಗೆ ಹರವಿದರು. ಅರವತ್ತು ದಾಟಿದ ಮನುಷ್ಯ ತಲೆಗೆ ಟವೆಲು ಸುತ್ತಿಕೊಂಡು ಸಂಜೆಯ ತನಕ ಒಂದೊಂದನ್ನೇ ಮಗ್ಗುಲು ಬದಲಿಸಿದರು. ಮರುದಿನ ಬಿಸಿಲೇರುವ ಹೊತ್ತಿಗೆ ಮತ್ತೆ ಹಾಜರು.

ಮಧ್ಯಾಹ್ನ ಮೂಟೆ ಕಟ್ಟಿ, ಹೊಸ ಹಪ್ಪಳ ಇಟ್ಟು, ಹಿಂದಿನ ದಿನ ಇದ್ದವರನ್ನೆಲ್ಲ ಕರೆದು ತೂಗಿಸಿದರು. ಕಾಟಾದ ಅಂಕಿ ಓದುವ ಕೆಲಸ ನನ್ನದು. ಮೊದಲನೆಯದು ಅವರದೇ ಅಂಕಿ. ಎರಡನೆಯದೂ ಅವರದೇ. ನನ್ನ ದನಿ ಇಳಿಯಿತು.

"ಜೋರಾಗಿ ಓದ್ರಿ ಕ್ಲಾರ್ಕ್ ಸಾಹೇಬ್ರ, ಹಿಂದಿನವರಿಗೆ ಕೇಳವಲ್ದು" ಎಂದರು ಚಾಚಾ.

ಏಳನ್ನೂ ಓದಿದೆ. ಒಂದು ಮಾತ್ರ ಪಾವು ಕಿಲೋ ಕಡಿಮೆ ಬಂತು. "ಅದನ್ನ ಬಿಸಿಲು ತಿಂದೈತಿ" ಎಂದು ಚಾಚಾ ಅಂಕಿ ಅಳಿಸಿ ತಿದ್ದಿದರು. ಮಾಲು ಹೋಯಿತು, ವ್ಯಾಪಾರಿ ಉಳಿದ. ನೀರು ಎಲ್ಲಿಂದ ಬಂತೆಂದು ಅವರು ಯಾರನ್ನೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬೇರೆಯವರ ಮೇಲೆ ಚಾರ್ಜು ಹಾಕಿ ಲಕ್ಷ್ಮೇಶ್ವರದ ಶಾಖೆಯನ್ನು ಪಡೆದೆ. ನಾಚಿಕೆಯಿಲ್ಲದೆ ಹೋಗಿ ಕುರ್ಚಿಯಲ್ಲಿ ಕೂತೆ.

ಒಂಬತ್ತು ವರ್ಷ ಹೋದವು. ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ಚಾಚಾ ಹಾಸಿಗೆ ಹಿಡಿದಿದ್ದಾರೆಂಬ ಖಬರು ಬಂತು. ಬೆಟಗೇರಿಗೆ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಎರಡು ಕೊಡ ನೀರಿನ ಕತೆಯನ್ನಷ್ಟೇ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹಪ್ಪಳ ಆವತ್ತ ಹೇಳೇತಿ. ನೀವ ತಡಾ ಮಾಡಿದ್ರಿ" ಎಂದರು. ತುಟಿಯ ಅಂಚಿನಲ್ಲಿ ನಗು ಕಂಡಿತು. "ಒಂಬತ್ತು ವರ್ಷ ಕಾಯಿಸೀರಿ. ಹಾಲ್ಟಿಂಗ್ ಚಾರ್ಜು ಯಾರು ಕೊಡಾವ್ರು?"

ಏನು ಕೊಡಲಿ ಎಂದು ಕೇಳಿದೆ. ಅವರು ಗೋಡೆಯ ಗೂಟಕ್ಕೆ ನೇತು ಹಾಕಿದ್ದ ಮಸಿಯ ಡಬ್ಬಿ ತೋರಿಸಿ, "ನನ್ನ ಕಂಬಳಿ ಹೆಣ್ಮಕ್ಕಳಿಗೆ ಅಂಕಿ ಬರದು ಕೊಡ್ರಿ. ಖರೆ ಅಂಕಿ" ಎಂದರು. ಹದಿನೈದು ದಿನಕ್ಕೆ ಅವರು ತೀರಿಕೊಂಡರು.

ಈಗ ಆ ಮೂಟೆಗಳನ್ನು ನಾನು ಕಟ್ಟುತ್ತೇನೆ. ಹೊಲಿಗೆ ಹಾಕುವ ಮುನ್ನ ಹಪ್ಪಳದ ಅಂಚು ಮುರಿದು, ಟಕ್ ಎಂದಿತೇ ಎಂದು ಕೇಳಿಸಿಕೊಳ್ಳುತ್ತೇನೆ. ಲಾರಿ ಬರುವ ಒಂದು ತಾಸು ಮೊದಲೇ ಹೋಗಿ ಕೂರುತ್ತೇನೆ. ಅವರ ಒಂಬತ್ತು ವರ್ಷವನ್ನು ಹೀಗೆ ಒಂದೊಂದೇ ತಾಸು ಕಾದು ತೀರಿಸುತ್ತಿದ್ದೇನೆ. ನನ್ನ ವಯಸ್ಸಿಗೆ ಅದು ಮುಗಿಯುವುದಿಲ್ಲ, ಗೊತ್ತಿದೆ. ನಾಳೆ ಎಂಟಕ್ಕೆ ಲಾರಿ. ಏಳಕ್ಕೆ ನಾನಲ್ಲಿರುತ್ತೇನೆ.