ನೂರಕ್ಕೇ ನಿಂತ ಗುರಲಿಂಗಪ್ಪ

ಗುರಲಿಂಗಪ್ಪ ಯಾವ ಸಂಖ್ಯೆ ಕಂಡರೂ ಮನಸ್ಸಿನಲ್ಲೇ ನೆಲಕ್ಕೆ ಫರಸಿ ಕಲ್ಲು ಹಾಸಿ ನೋಡುತ್ತಿದ್ದರು. ಹನ್ನೆರಡು ಫರಸಿ ಮೂರು ಸಾಲಿನಲ್ಲಿ ನಾಲ್ಕರಂತೆ ಕೂರುತ್ತವೆ. ಹದಿಮೂರನ್ನು ಒಂದೇ ಉದ್ದ ಸಾಲಾಗಿ ಹಾಸಬೇಕೇ ಹೊರತು ಬೇರೆ ದಾರಿಯಿಲ್ಲ. ಪುಸ್ತಕ ಅಂಥದನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತದೆ, ಅವರು ‘ಒಂಟಿ’ ಎನ್ನುತ್ತಿದ್ದರು. ಇಂಡಿ ತಾಲೂಕಿನ ಕಡೆಯವರು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಯಲ್ಲಿ ಮೂವತ್ತು ವರ್ಷ ಫರಸಿ ಹಾಸಿದವರು. ಈಗ ಮೊಣಕಾಲು ಕೈಕೊಟ್ಟಿದ್ದವು. ಹತ್ತನೆಯದು ಪಾಸಾದರೆ ಸೂಪರ್‌ವೈಸರ್ ಮಾಡುತ್ತೇನೆಂದು ಕಾಂಟ್ರಾಕ್ಟರ್ ಮಾತು ಕೊಟ್ಟಿದ್ದ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ, ನಿವೃತ್ತ ಟೀಚರಾದ ನಾನು ದಾದರಿನ ಕನ್ನಡ ಸಂಘದ ಕೋಣೆಯಲ್ಲಿ ಭಾನುವಾರ ನಡೆಸುವ ಗಣಿತದ ಪಾಠಕ್ಕೆ ಬರುತ್ತಿದ್ದರು.

ಅವರ ಕೆಲಸದ ಹಾಜರಿ ಕಾರ್ಡಿನ ನಂಬರು 10403. ಅದು ಒಂಟಿ ಎಂದು ಅವರಿಗೆ ಬಹಳ ಹೆಮ್ಮೆ. ಎರಡರಿಂದ ನೂರರವರೆಗೆ ಒಂದೊಂದರಿಂದಲೂ ಭಾಗಿಸಿ ಎರಡು ನೋಟ್‌ಬುಕ್ ತುಂಬಿಸಿ ತಂದು ಎಲ್ಲರಿಗೂ ತೋರಿಸಿದರು. ನನ್ನದೋ ಎಲುಬಿಲ್ಲದ ನಾಲಿಗೆ. ಬೋರ್ಡಿನ ಮೇಲೆ 101 × 103 ಎಂದು ಬರೆದು, ನೂರಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ಕೇಳಿಬಿಟ್ಟೆ.

“ನೂರಕ್ಕಿಂತ ಉದ್ದದ ಸಾಲು ನಾ ಯಾವ ಮನ್ಯಾಗೂ ಹಾಕಿಲ್ರಿ,” ಎಂದರು ಅವರು.

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮುಂದಿನ ಭಾನುವಾರ ಅವರು ಬರಲಿಲ್ಲ. ಪರೀಕ್ಷೆಯ ಫಾರ್ಮ್ ತುಂಬಲು ಸೋಮವಾರವೇ ಕಡೆಯ ದಿನ. ನಾವು ನಕ್ಕಿದ್ದಕ್ಕೇ ಪರೀಕ್ಷೆ ಬಿಟ್ಟುಬಿಟ್ಟಾರು ಎಂದು ಹೆದರಿದೆ. ಮರುದಿನ ಬೆಳಿಗ್ಗೆ ಎದ್ದವಳೇ ಫಾರ್ಮ್ ಹಿಡಿದು ಲೋಕಲ್ ಹತ್ತಿ ಬೈಕುಲ್ಲಾದಲ್ಲಿ ಅವರ ಸೈಟಿಗೆ ಹೋದೆ.

ಗುರಲಿಂಗಪ್ಪ ಇನ್ನೂ ಫರಸಿ ಹಾಸದ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಚೌಕ ಬರೆದುಕೊಂಡು ಕೂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಬರ್ರಿ ಎಂದು ಕರೆದು ಚೌಕ ತೋರಿಸಿದರು.

“ನನ್ನ ಕಾರ್ಡಿನ ನಂಬರಿನಷ್ಟು ಫರಸಿ ತಗೊಂಡು ನೂರಾ ಎರಡಕ್ಕ ನೂರಾ ಎರಡು ಹಾಸಾಕ ಹ್ವಾದ್ರ ಒಂದು ಫರಸಿ ಕಡಿಮಿ ಬೀಳ್ತದ್ರಿ ಅಕ್ಕೋರ. ಅಂದಮ್ಯಾಲ ಒಂದು ಬದಿ ನೂರಾ ಒಂದರೊಳಗs ಇರಬೇಕು. ಅದಕ್ಕ ಮುಂದ ನೋಡೂದು ಬ್ಯಾಡ. ನೋಡಿದ್ರೂ ಅದs ನೆಲ, ಅಡ್ಡ ನಿಂತು ನೋಡಿದಂಗ.”

ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಉರು ಹೊಡೆಸಿದವಳು ನಾನು. ಯಾಕೆ ಸಾಕು ಎಂದು ಒಬ್ಬರಿಗೂ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ. ಹಾಗೆಂದು ಅವರ ಮುಂದೆಯೇ ಒಪ್ಪಿಕೊಂಡೆ. ಮುಂದಿನ ಭಾನುವಾರ ಬೋರ್ಡಿನ ಮುಂದೆ ನಿಂತು ಇದನ್ನು ನೀವೇ ಹೇಳಬೇಕು ಎಂದೆ.

ಅವರು ಸಿಮೆಂಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡರು.

“ನಾ ತಪ್ಪಿದ್ದು ಒಂದs ಸಾಲಿಗೆ ಅಲ್ಲೇನ್ರಿ? ಅಷ್ಟಕ್ಕ ಪರೀಕ್ಷಾ ಯಾಕ ಬಿಡ್ಲಿ? ಕೊಡ್ರಿ ಫಾರ್ಮ್.”