ಮೇಲಿನ ಮನೆಯ ಅಪ್ಪಾಜಿ ಮತ್ತು ಸುಟ್ಟ ಮೋಟಾರು

ಮೊನ್ನೆ ಮಂಡ್ಯದಲ್ಲಿ ಮಿಕ್ಸಿ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯವನು ಒಳಗೆ ಯಾವುದೋ ಪಂಪಿನ ಸುಟ್ಟುಹೋದ ಕಾಯಿಲ್ ಬಿಚ್ಚುತ್ತಿದ್ದ. ಆ ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಮಿಕ್ಸಿಯನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದು ನಿಂತೆ. ಎಷ್ಟೋ ವರ್ಷ ಆಗಿಹೋಗಿದೆ, ಆದರೂ...

ಆಗ ನಾವು ಮದ್ದೂರಿನಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮೇಲೆ ಮನೆಯ ಮಾಲೀಕರು, ಅವರ ಹೆಂಡತಿ. ಮಾಲೀಕರು ಬ್ಲಫ್ ಎನ್ನುವ ಊರಿನಲ್ಲಿ ಕರೆಂಟು ತಯಾರಿಸುವ ಪವರ್‌ಹೌಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬೀದಿಯವರೆಲ್ಲ ಅವರನ್ನು ಅಪ್ಪಾಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹೆಂಡತಿ ನನಗೆ ಅಮ್ಮ. ಯಾರ ಮನೆಯ ಫ್ಯಾನು ನಿಂತರೂ ಅಪ್ಪಾಜಿಯೇ ಹೋಗಬೇಕು. ಹೋದಮೇಲೆ ಸುಮ್ಮನೆ ಮಾಡುವವರಲ್ಲ, ಬಯ್ಯುತ್ತಲೇ ಮಾಡುತ್ತಿದ್ದರು. "ಯಾವನ್ಲಾ ಇದ್ಕೆ ಟೇಪು ಸುತ್ತಿದ್ದು? ಗಾಯಕ್ಕೆ ಬಟ್ಟೆ ಕಟ್ಟಿದಂಗೆ ಕಟ್ಟವ್ನೆ." ಬಯ್ಯಿಸಿಕೊಂಡವರು ನಗುತ್ತಾ ಕಾಫಿ ಕೊಡುತ್ತಿದ್ದರು.

ಆ ವರ್ಷ ನನ್ನ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನನ್ನ ಯಜಮಾನರು ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಹಗಲೆಲ್ಲ ನಾನು, ಅತ್ತೆ, ಒದ್ದೆಯಾದ ಬೆಡ್‌ಶೀಟುಗಳು. ಮಲಗೇ ಇದ್ದು ಅತ್ತೆಯ ಬೆನ್ನಿನಲ್ಲಿ ಆಗಲೇ ಒಂದು ಕಡೆ ಚರ್ಮ ಕೆಂಪಾಗಿತ್ತು. ಮನೆಗೆ ಬರುತ್ತಿದ್ದ ನರ್ಸು ಅದನ್ನು ಬೆರಳಲ್ಲಿ ಒತ್ತಿ ನೋಡಿ, ಇದು ಹುಣ್ಣಾದರೆ ಸುಲಭಕ್ಕೆ ವಾಸಿಯಾಗಲ್ಲ, ಬಟ್ಟೆ ಒಣಗಿರಲೇಬೇಕು ಎಂದು ಹೇಳಿ ಹೋಗಿದ್ದಳು. ಅಂಥ ಹೊತ್ತಿನಲ್ಲೇ ವಾಷಿಂಗ್ ಮಷಿನ್ ಕೆಟ್ಟಿತು. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಆಮೇಲೆ ಆ ವಾಸನೆ. ಸರ್ವಿಸಿನವರಿಗೆ ಫೋನು ಮಾಡಿದರೆ, ಹಬ್ಬ ಮುಗಿಯುವ ತನಕ ಯಾರೂ ಬರಲ್ಲ ಎಂದರು. ಕೈಯಲ್ಲೇ ಒಗೆದೆ. ಮಾರನೇ ದಿನಕ್ಕೆ ಮಣಿಕಟ್ಟು ಊದಿಕೊಂಡು ಲೋಟ ಹಿಡಿಯಲೂ ಆಗಲಿಲ್ಲ.

ಗುಂಯ್ ಸದ್ದು ಮೇಲಿನ ತನಕ ಕೇಳಿಸಿರಬೇಕು. ಅಪ್ಪಾಜಿ ಸ್ಕ್ರೂಡ್ರೈವರು, ಮೀಟರು ಹಿಡಿದು ಇಳಿದು ಬಂದರು. ಅವರ ಹಿಂದೆಯೇ ಬಂದ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ಕರೆಂಟ್ ಕೆಲ್ಸಕ್ಕೆ ಅವ್ರನ್ನ ಬುಡಬ್ಯಾಡ ಕಣವ್ವ. ಈಗೀಗ ಮರ್ತೋಯ್ತಾರೆ. ಮೊನ್ನೆ ಗ್ಯಾಸ್ ತಿರುಗ್ಸಿ, ಅಚ್ಚದೇ ಓಗಿ ಪೇಪರ್ ಓದ್ತಾ ಕೂತಿದ್ರು."

ನಾನು ಏನು ಮಾಡಲಿ? ಹೊರಗೆ ಅವರು ಆಗಲೇ ಮಷಿನಿನ ಹಿಂದಿನ ಮುಚ್ಚಳ ಬಿಚ್ಚುತ್ತಿದ್ದರು. ಬೇಡಿ ಅಪ್ಪಾಜಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮಷಿನು ಸರಿಹೋಗಲೇಬೇಕು ಎಂಬ ಸ್ವಾರ್ಥವೂ ಇತ್ತು. ಪ್ಲಗ್ ಕಿತ್ತು, ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತೆ.

ಅವತ್ತು ಅವರು ಚೆನ್ನಾಗಿಯೇ ಇದ್ದರು. ಬೆಲ್ಟು ತೆಗೆದು ಗಾಲಿಯನ್ನು ಕೈಯಲ್ಲಿ ತಿರುಗಿಸಿದರು. ಸಲೀಸಾಗಿ ತಿರುಗಿತು, ಹಾಗಾಗಿ ಎಲ್ಲೂ ಕಚ್ಚಿಕೊಂಡಿಲ್ಲ ಎಂದರು. ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಬದಲಿಗೆ ತಮ್ಮಲ್ಲಿದ್ದ ಬೇರೆಯದನ್ನು ಹಾಕಿ, ನನ್ನ ಕೈಲಿ ಪ್ಲಗ್ ಹಾಕಿಸಿ ನೋಡಿದರು, ಅದೇ ಗುಂಯ್. ಪ್ಲಗ್ ಕೀಳಿಸಿ ಮೀಟರಿನ ಕಡ್ಡಿಗಳನ್ನು ಮೋಟಾರಿನ ವೈರುಗಳಿಗೆ ಇಟ್ಟರು. ಒಳಗಿನ ಎರಡು ಕಾಯಿಲ್‌ಗಳಲ್ಲಿ ಒಂದಕ್ಕೆ ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ. "ಒಳ್ಗೆ ಕಡ್ದೋಗದೆ. ಮೋಟಾರೇ ಬದ್ಲಾಯಿಸ್ಬೇಕು," ಎಂದರು. ಸಂಜೆ ನನ್ನ ಯಜಮಾನರು ಹಳೆ ಮೋಟಾರನ್ನು ಚೀಲದಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಹೋಗಿ ಅದೇ ಅಳತೆಯದು ತಂದರು.

ಮಾರನೇ ಬೆಳಿಗ್ಗೆ ಅಪ್ಪಾಜಿ ಬಂದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಮಷಿನಿನ ಮುಂದೆ ಕೂತು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕೈ ತಾನಾಗಿ ಓಡಿತು. ಮೋಟಾರನ್ನು ಕೂರಿಸಿ ಬೋಲ್ಟು ಬಿಗಿದರು, ಬೆಲ್ಟು ಏರಿಸಿದರು. ವೈರುಗಳ ಹತ್ತಿರ ಬಂದು ನಿಂತರು. ಹೊಸ ಮೋಟಾರಿನ ವೈರುಗಳ ಬಣ್ಣ ಬೇರೆ ಇತ್ತು. ಅವರು ಒಂದನ್ನು ಹಿಡಿದು, ಬಿಟ್ಟು, ಇನ್ನೊಂದನ್ನು ಹಿಡಿದು...

ಅಷ್ಟರಲ್ಲಿ ಒಳಗಿಂದ ಅತ್ತೆ ನರಳಿದರು. ಹೋಗಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿ ಓಡಿಬಂದೆ. ಸ್ವಿಚ್‌ಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಪ್ಲಗ್ ಒಳಗಿತ್ತು. ಅಪ್ಪಾಜಿ ಬೆನ್ನು ಹಾಕಿ ಕೂತು, ಮಷಿನಿನಿಂದ ಬಂದ ವೈರಿನ ಸಿಪ್ಪೆ ಸುಲಿದ ತುದಿಗೆ ಕೈ ಚಾಚುತ್ತಿದ್ದರು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಗೋಡೆಗೆ ಒರಗಿದೆ.

ಸದ್ದಿಗೆ ತಿರುಗಿದರು. ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದರು, ನನ್ನ ಮುಖ ನೋಡಿದರು.

"ನಾನೇ ಆಕಿದ್ನಾ?"

ನಾನು ಪ್ಲಗ್ಗಿನ ವೈರನ್ನು ಕೈಗೆ ಸುತ್ತಿಕೊಂಡೆ.

"ಕರೆಂಟು ಬತ್ತದಾ ಅಂತ ನೋಡಕ್ಕೆ ಆಕಿರ್ಬೇಕು," ಎಂದರು. ಕೈಯನ್ನು ಪಂಚೆಗೆ ಒರೆಸಿಕೊಂಡರು. "ಪವರ್‌ಹೌಸಲ್ಲಿ ಇಂಗ್ ಮಾಡಿದವ್ನ ನಾನೇ ಆಚ್ಗೆ ಕಳಿಸ್ತಿದ್ದೆ ಕಣ್ ಮಗ. ಇನ್ನು ನಾನು ಮುಟ್ಟಬಾರ್ದು."

ಏಳಲು ನೋಡಿದರು. ಅವರನ್ನು ಹಾಗೆ ಮೆಟ್ಟಿಲು ಹತ್ತಲು ಬಿಡುವುದು ನನಗೆ ಆಗಲಿಲ್ಲ. ಕೂತ್ಕೊಳ್ಳಿ ಅಪ್ಪಾಜಿ, ನೀವು ಹೇಳಿ, ನಾನು ಮಾಡ್ತೀನಿ ಎಂದೆ. ಪ್ಲಗ್ಗನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಹಿಡಿದು ಕೂತರು.

ನಾನು ಮೀಟರು ಹಿಡಿದೆ. ಅವರು ಹೇಳಿದಂತೆ ಎರಡೆರಡು ವೈರಿಗೆ ಕಡ್ಡಿ ಇಟ್ಟು, ಬಂದಿದ್ದನ್ನು ಓದಿದೆ. ಮೊದಲು ಓದಿದ್ದನ್ನು ಅವರು ಮರೆಯುತ್ತಿದ್ದರು, ನಾನು ಮತ್ತೆ ಹೇಳುತ್ತಿದ್ದೆ. "ಯಾವ ಎರಡ್ರ ಮಧ್ಯ ಜಾಸ್ತಿ ತೋರುಸ್ತದೋ ಅವೆರಡೂ ಕೆಪಾಸಿಟರ್‌ಗೆ. ಉಳ್ದಿದ್ದು ಕಾಮನ್ನು, ಎರಡ್ಕೂ ಸೇರಿದ್ದು," ಎಂದರು. ಅದು ಮಾತ್ರ ಅವರಿಗೆ ಗಟ್ಟಿಯಾಗಿ ನೆನಪಿತ್ತು. ನಾನು ಜೋಡಿಸಿ ಟೇಪು ಸುತ್ತಿದೆ. ಬಿಚ್ಚು ಎಂದು ಬಯ್ದರು, ಮತ್ತೆ ಸುತ್ತಿಸಿದರು. ಅಮ್ಮ ಮೆಟ್ಟಿಲ ಮೇಲೆ ಬಂದು ಸೆರಗನ್ನು ಬಾಯಿಗಿಟ್ಟು ನಿಂತಿದ್ದರು.

ಸ್ವಿಚ್ ಹಾಕುವಾಗ ಅವರನ್ನು ದೂರ ನಿಲ್ಲಿಸಿದೆ. ಮಷಿನು ಒಂದು ಸಲ ಅಲ್ಲಾಡಿ, ತಿರುಗಿತು. ಒಂದು ಕಡೆಗೆ, ನಿಂತು, ಇನ್ನೊಂದು ಕಡೆಗೆ. ಅಪ್ಪಾಜಿ ತಲೆಯಾಡಿಸಿ ಮೇಲೆ ಹೋದರು.

ಅತ್ತೆಯ ಬೆನ್ನು ಹುಣ್ಣಾಗಲಿಲ್ಲ. ಅಪ್ಪಾಜಿ ಮಾತ್ರ ಆಮೇಲೆ ಯಾರ ಮನೆಯ ಫ್ಯಾನೂ ಮುಟ್ಟಲಿಲ್ಲ. ಕರೆಯಲು ಬಂದವರಿಗೆ, ಕಣ್ಣು ಕಾಣಲ್ಲ ಕಣ್ರಪ್ಪ ಎಂದು ಸುಳ್ಳು ಹೇಳುತ್ತಿದ್ದರು. ನಿಜ ಗೊತ್ತಿದ್ದದ್ದು ನಮ್ಮ ಮೂವರಿಗೇ. ನಾವು ಮಂಡ್ಯಕ್ಕೆ ಬಂದಮೇಲೆ ಅವರಿಬ್ಬರೂ ಮಳವಳ್ಳಿಯಲ್ಲಿದ್ದ ಮಗಳ ಮನೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಅಪ್ಪಾಜಿಗೆ ನನ್ನ ಗುರುತು ಸಿಗಲಿಲ್ಲ. ಆದರೂ ಕೂರಿಸಿ, ಕಾಪಿ ಕುಡ್ಕೊಂಡ್ ಓಗವ್ವ ಎಂದರು. ನಾನು ಹೊರಟಮೇಲೆ ಅಮ್ಮನನ್ನು ಕೇಳಿದರಂತೆ, ಆ ಹುಡುಗಿ ಯಾರು, ಕೆಳಗಿನ ಮನೆ ಖಾಲಿ ಇದ್ರೆ ಅವಳಿಗೆ ಕೊಡು ಎಂದರಂತೆ. ಆ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಮುಂದಿನ ಬೇಸಿಗೆಗೆ ಅಪ್ಪಾಜಿ ತೀರಿಕೊಂಡರು.

ಮಿಕ್ಸಿ ಕೊಟ್ಟು ಬಂದ ದಿನ ಅಮ್ಮನಿಗೆ ಫೋನು ಮಾಡಿದೆ. ಅವರ ರೂಮಿನ ಬಲ್ಬಿನ ಹೋಲ್ಡರು ಸುಟ್ಟು ಎಷ್ಟೋ ದಿನ ಆಗಿತ್ತಂತೆ. ಅಳಿಯನಿಗೆ ಪುರುಸೊತ್ತಿಲ್ಲ, ನೀನೇ ಬಂದು ಹಾಕಿಕೊಡು ಎಂದರು. ಭಾನುವಾರ ಮಳವಳ್ಳಿಗೆ ಹೋದೆ. ನಾನು ಕುರ್ಚಿ ಹತ್ತಿ ಹೋಲ್ಡರು ಬದಲಾಯಿಸುವ ತನಕ ಅಮ್ಮ ಮೇನ್ ಸ್ವಿಚ್ಚಿನ ಹತ್ತಿರ ಕಾವಲು ನಿಂತಿದ್ದರು. ಬಲ್ಬು ಹತ್ತಿತು. ಹೋಲ್ಡರು ಒಂಚೂರು ಸೊಟ್ಟಗೆ ಕೂತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

"ಸೊಟ್ಟಗದೆ," ಎಂದೆ.

"ಇರ್ಲಿ ಬುಡು," ಎಂದರು ಅಮ್ಮ. "ಈಗ ಬಯ್ಯೋರು ಯಾರವ್ರೆ..."